ಸೊನ್ನೆ ತೂಕ

ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದವ ನಾನು.
ಬಂದರಿನ ಈರುಳ್ಳಿ ಮಂಡಿ, ಧಕ್ಕೆಯ ಬಂಗುಡೆ ತಕ್ಕಡಿ,
ತಟ್ಟೆಯಡಿಗೆ ಅಂಟಿಸಿದ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು
ಉಗುರಲ್ಲಿ ಕೆರೆದು, ಮೂಸಿ,
ದಂಡದ ರಶೀದಿ ಹರಿದ ಕೈ ಇದು.
ಇಂಥವನಿಗೆ ಹುಚ್ಚು ಹಿಡಿದದ್ದು
ಏನೂ ತೂಗದ ಒಂದೂವರೆ ಸೆಕೆಂಡಿನದು.

ನಗಬೇಡಿ.
ಬಂಡಿ ಕಟಕಟ ಹತ್ತಿ ನೆತ್ತಿ ದಾಟಿ
ಮೂಗು ಕೆಳಗೆ ಮಾಡುವಾಗ
ಕುಂಡೆ ಸೀಟು ಬಿಡುತ್ತದಲ್ಲ,
ಕಿಸೆಯೊಳಗೆ ಚಿಲ್ಲರೆ ತೇಲುತ್ತದಲ್ಲ,
ಅಲ್ಲಿ ಯಾವ ಇಲಾಖೆಯ ಮುದ್ರೆಯೂ ನಡೆಯುವುದಿಲ್ಲ.

ನೀಲಿ ರಟ್ಟಿನ ಪುಸ್ತಕ ಉಂಟು ನನ್ನಲ್ಲಿ, ನಲವತ್ತಮೂರು ನಮೂದು.
ಬಿಡದಿಯದಕ್ಕೆ ನೂರಕ್ಕೆ ಎಪ್ಪತ್ತೆರಡು.
ಸಾಲಿನಲ್ಲಿ ಮದುವೆಯೂಟದ ನುಗ್ಗಾಟ,
ಆದರೆ ಗುರುತಿಲ್ಲದವರೆಲ್ಲ ಒಂದೇ ಗಂಟಲಲ್ಲಿ
ಅಮ್ಮಾ ಎಂದು ಕಿರುಚುವುದು ಅಲ್ಲಿ ಮಾತ್ರ.
ಒಸಾಕಾದಲ್ಲಿ ಇಳಿದವರು ಬಗ್ಗಿ ವಂದಿಸಿದರು,
ಹೆದರಿದ್ದಕ್ಕೆ ಕ್ಷಮೆ ಕೇಳುವ ಹಾಗೆ.
ಅಬುಧಾಬಿಯ ವೇಗಕ್ಕೆ ಕಣ್ಣಿಗೆ ಕನ್ನಡಕ ಕೊಡುತ್ತಾರೆ;
ಸರಿಮಾಡಿಕೊಳ್ಳುವಷ್ಟರಲ್ಲಿ ಎಲೆ ಎತ್ತಿಯಾಯಿತು.
ಜರ್ಮನಿಯಲ್ಲೊಂದು, ಕಾಡಿನ ಅಂಚಿಗೆ, ಪೂರ್ತಿ ಮರದ್ದು,
ಹಳೇ ಮಂಚದ ಹಾಗೆ ನರಳುತ್ತದೆ.
ಅದಕ್ಕೆ ತೊಂಬತ್ತೊಂದು. ಇನ್ನೂ ಕೊಡಬಹುದಿತ್ತು,
ಆ ದಿನ ಸೊಂಟ ಹಿಡಿದಿತ್ತು.

(ನಮ್ಮ ಸಿಟಿ ಬಸ್ಸಿನ ಜೋಕು ಬೇಡ ಮಾರಾಯ್ರೆ.
ಜೊತೆಗೆ ಬಂದ ಇಗ್ನೇಷಿಯಸ್ ಮಿನೇಜಸ್
ಮೂರು ದೇಶಗಳಲ್ಲಿ ಹೇಳಿ ಮುಗಿಸಿದ್ದಾನೆ.)

ಹೊರದೇಶದಲ್ಲಿ ಸರಳು ತಾನೇ ಇಳಿದು
ಹಸಿರು ದೀಪ ಹತ್ತುತ್ತದೆ, ಯಾರೂ ನಿಮ್ಮನ್ನು ಮುಟ್ಟುವುದಿಲ್ಲ.
ಇಲ್ಲಿ ಲಾಲ್‌ಬಾಗಿನ ಉತ್ಸವ ಮೈದಾನದಲ್ಲಿ
ಜೈಂಟ್ ವೀಲಿನ ಹುಡುಗ, ಉಪ್ಪಿನಂಗಡಿಯ ಫಝಲು,
ಸರಳನ್ನು ಕಾಲಿಂದ ಒದ್ದು, ಕೈಯಿಂದ ಅಲುಗಿಸಿ,
ಮುಖ ನೋಡಿ ಕೇಳುತ್ತಾನೆ: ಗಟ್ಟಿ ಉಂಟಲ್ಲ?
ಬೋಲ್ಟು ಒಂದು ಸಡಿಲ ಉಂಟು. ಎರಡು ವರ್ಷದಿಂದ ಹೇಳುತ್ತಿದ್ದೇನೆ.
ಇದಕ್ಕೆಷ್ಟು ಅಂಕ ಎಂದು ನನಗೆ ಇನ್ನೂ ಬರೆಯಲಾಗಿಲ್ಲ.

ವಾರಿಜಾ ಎಲ್ಲಿಯೂ ಹತ್ತಿದವಳಲ್ಲ.
ಎಲ್ಲ ಕಡೆಗೂ ಬಂದಿದ್ದಾಳೆ, ಕೆಳಗೆ ನಿಂತಿದ್ದಾಳೆ,
ನನ್ನ ಚಪ್ಪಲಿ, ಕನ್ನಡಕ, ಬಿಪಿ ಮಾತ್ರೆ, ಪಾಸ್‌ಪೋರ್ಟು ಹಿಡಿದು.
ಮೊನ್ನೆ ಪುಸ್ತಕ ಹಿಂದುಮುಂದಾಗಿ ಬಿದ್ದು
ಕೊನೆಯ ಹಾಳೆಯಿಂದ ತೆರೆದುಕೊಂಡಿತು, ಅವಳ ಅಕ್ಷರ.
ಒಸಾಕಾ: ಬೆಂಚು ತಣ್ಣಗೆ, ಪಾಯಿಖಾನೆ ಬೆಚ್ಚಗೆ.
ಅಬುಧಾಬಿ: ನೆರಳು ಒಳ್ಳೆಯದು. ಚಾಕ್ಕೆ ಹದಿನೆಂಟು ದಿರ್ಹಂ. ಕುಡಿಯಲಿಲ್ಲ.
ಬಿಡದಿ: ಬೆಂಚೇ ಇಲ್ಲ. ಕಟ್ಟೆ ಉಂಟು, ಇರುವೆ.
ಜರ್ಮನಿ: ಪಕ್ಕದಲ್ಲಿ ಒಬ್ಬ ಮುದುಕಿ, ಗಂಡನ ಟೊಪ್ಪಿ ಹಿಡಿದು.
ಭಾಷೆ ಇಲ್ಲ. ಚಕ್ಕುಲಿ ಕೊಟ್ಟೆ. ಎರಡು ತಿಂದಳು.

ಇವತ್ತು ಏನಾಯಿತೋ, ಫಝಲು ಸುಮ್ಮನೆ
ಅಮ್ಮ ನೀವೂ, ಎಂದ.
ಬ್ಯಾಗು ನನ್ನ ಕೈಗಿಟ್ಟು ಹೋಗಿ ಕೂತಳು,
ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬಳೇ.
ಅವನು ಸರಳು ಒದ್ದ. ಅವಳು ಗಟ್ಟಿ ಉಂಟು ಎಂದಳು.

ಬ್ಯಾಗು ಅಂದಾಜು ನಾಲ್ಕು ಕಿಲೋ.
ಅಂದಾಜು ಹೇಳುವುದು ನಮ್ಮ ಇಲಾಖೆಯಲ್ಲಿ ತಪ್ಪು.
ಭುಜ ಬದಲಿಸಿದೆ. ಕೂರಲು ಜಾಗ ನೋಡಿದೆ, ಇರಲಿಲ್ಲ.
ಮೇಲೆ, ಟ್ಯೂಬ್‌ಲೈಟುಗಳಾಚೆ ಅವಳ ತೊಟ್ಟಿಲು
ಬೋಳೂರಿನ ಕಡೆ ಮುಖ ಮಾಡಿ ನಿಂತುಬಿಟ್ಟಿತು.
ಅಲ್ಲಿಂದ ಪಣಂಬೂರಿಗೆ ಕಾದು ನಿಂತ ಹಡಗುಗಳ ದೀಪ ಕಾಣುತ್ತದೆ,
ನನಗೆ ಗೊತ್ತು. ಅವಳಿಗೆ ಯಾವತ್ತೂ ಹೇಳಿರಲಿಲ್ಲ.
ಮತ್ತೆ ಚಕ್ರ ಇಳಿಯಿತು, ಮತ್ತೆ, ಮತ್ತೆ,
ಪ್ರತಿ ಸಲವೂ ನನ್ನ ಹೊಟ್ಟೆಯೊಳಗೆ ಏನೋ
ನೆಲದ ಮೇಲೆಯೇ ಹಗುರಾಯಿತು.

ಇಳಿದಳು. ಕೂದಲು ಕೆದರಿತ್ತು.
ಹೇಗಿತ್ತು ಎಂದೆ, ಪೆನ್ನು ತೆಗೆದು.
"ದಾಲ ಇಜ್ಜಿ," ಎಂದಳು. ಏನೂ ಇಲ್ಲ.
ಆಮೇಲೆ ಬ್ಯಾಗಿಗೆ ಕೈ ಚಾಚದೆ
ಟಿಕೆಟಿನ ಕಿಟಕಿಯತ್ತ ನಡೆದಳು.